ಅಂಗೈಯ ತೆರೆಯಿಂದ ಮಗ್ಗದ ಸೆರಗಿಗೆ

ಶಾಲೆಯಲ್ಲಿ 'ಕಾಪಿ' ಎಂಬ ಮಾತಿಗೆ ಎರಡು ಅರ್ಥಗಳಿವೆ. ದಿನಕ್ಕೊಂದು ಪುಟ ಕಾಪಿ ಬರೆದು ತರುವ ಹುಡುಗನ ಬೆನ್ನು ತಟ್ಟುತ್ತೇವೆ. ಪರೀಕ್ಷೆಯ ದಿನ ಪಕ್ಕದವನ ಉತ್ತರವನ್ನು ಕಾಪಿ ಹೊಡೆದ ಹುಡುಗನನ್ನು ಹೊರಗೆ ನಿಲ್ಲಿಸುತ್ತೇವೆ. ಮೂವತ್ತಕ್ಕೂ ಹೆಚ್ಚು ವರ್ಷ ಈ ಎರಡು ಕೆಲಸಗಳನ್ನೂ ನಾನು ನಿಷ್ಠೆಯಿಂದ ಮಾಡಿದ್ದೇನೆ. ಎರಡರಲ್ಲಿಯೂ ಹುಡುಗನು ಮಾಡುವುದು ಒಂದೇ: ಬೇರೊಬ್ಬರು ಬರೆದುದನ್ನು ನೋಡಿ ತಾನೂ ಬರೆಯುವುದು. ಆದರೆ ಮೊದಲನೆಯದರಲ್ಲಿ ಮೇಲ್ಪಂಕ್ತಿಯ ಅಕ್ಷರವು ಕಣ್ಣಿನಿಂದ ಕೈಗೆ ಇಳಿದು ಅಲ್ಲಿ ನೆಲೆಸುತ್ತದೆ. ಎರಡನೆಯದರಲ್ಲಿ ಅದು ಹಾದುಹೋಗುತ್ತದೆ, ಅಷ್ಟೆ. ಕಾಪಿ ಪುಸ್ತಕವನ್ನು ಒಂದು ವರ್ಷ ತಿದ್ದಿದ ಹುಡುಗರಲ್ಲಿ ಇಬ್ಬರ ಅಕ್ಷರ ಒಂದೇ ತೆರನಾಗಿ ಇರುವುದನ್ನು ನಾನು ಕಂಡಿಲ್ಲ. ಎಲ್ಲರ ಮೇಲ್ಪಂಕ್ತಿಯೂ ಒಂದೇ ಆಗಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದರು. ಶಾಲೆಯ ಇತಿಹಾಸವನ್ನು ನನಗಿಂತ ಸಮರ್ಥರಾದವರು ಬರೆಯುತ್ತಿದ್ದಾರೆ. ಆದುದರಿಂದ ಈಚಿನ ವರ್ಷಗಳಲ್ಲಿ ಹಳೆಯ ವಿದ್ಯಾರ್ಥಿಗಳ ಮನೆಗಳಿಗೆ ಹೋದಾಗಲೆಲ್ಲ ಕಿವಿಗೆ ಬೀಳುವ ಒಂದು ದೂರನ್ನು ಕುರಿತು ನಾಲ್ಕು ಮಾತು ಬರೆಯಲು ನಿಶ್ಚಯಿಸಿದೆ. "ಸಾರ್, ಮಕ್ಕಳು ಹೊತ್ತೂ ಗೊತ್ತೂ ಇಲ್ಲದೆ ಫೋನು ನೋಡ್ತಾರೆ. ನೀವಾದರೂ ಹೇಳಿ" ಎಂಬುದೇ ಆ ದೂರು. ಹೇಳಬೇಕಾದುದನ್ನು ಹೇಳುವ ಮುನ್ನ ಆ ಮಕ್ಕಳು ಏನು ನೋಡುತ್ತಾರೆ, ನೋಡಿ ಏನು ಮಾಡುತ್ತಾರೆ ಎಂಬುದನ್ನು ಅವರ ಪಕ್ಕದಲ್ಲಿ ಕುಳಿತು ನಾನೂ ನೋಡಿದೆ. ನಿವೃತ್ತನಿಗೆ ಬಿಡುವಿಗೇನು ಕೊರತೆ?

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳೆಂದರೆ ಬಹುಮಟ್ಟಿಗೆ ನೂಲಿನ ಮನೆಗಳು. ಶಿರುಮುಗೈ, ನೆಗಮಂ ಮೊದಲಾದ ಊರುಗಳ ದೇವಾಂಗದವರ ಮನೆಗಳಲ್ಲಿ ಮಾತು ಕನ್ನಡ, ಲಿಪಿ ತಮಿಳು, ಮನೆದೇವರು ಚೌಡೇಶ್ವರಿ. ಇಲ್ಲಿಯವರ ಬಾಯಲ್ಲಿ ಆಕೆ ಸೌಡೇಶ್ವರಿ, ಸೌಡಾಂಬಿಕೆ. ದೇವಲ ಮಹರ್ಷಿಯು ವಿಷ್ಣುವಿನ ನಾಭಿಕಮಲದ ತಂತುವನ್ನು ಪಡೆದು ದೇವತೆಗಳಿಗೆ ಬಟ್ಟೆ ನೇಯ್ದನೆಂಬ ಕಥೆಯನ್ನು ಅಜ್ಜಿಯರು ಹೇಳುತ್ತಿದ್ದರು. ನಾನು ಹುಟ್ಟಿದ ಕೊಳ್ಳೇಗಾಲದ ಸೀಮೆಯೂ 1956ರ ರಾಜ್ಯಗಳ ಪುನರ್ವಿಂಗಡಣೆಯವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ನಾನು ಊರು ಬಿಟ್ಟು ಇಲ್ಲಿಗೆ ಬಂದವನಲ್ಲ, ಊರೇ ಜಿಲ್ಲೆ ಬಿಟ್ಟು ಆಚೆಗೆ ಹೋಯಿತು ಎಂದು ತರಗತಿಯಲ್ಲಿ ತಮಾಷೆಗೆ ಹೇಳುತ್ತಿದ್ದುದನ್ನು ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಅಲ್ಲಿಯೂ ರೇಷ್ಮೆಯ ಮಗ್ಗ, ಇಲ್ಲಿಯೂ ಮಗ್ಗ.

ಚಿತ್ತಾರದ ಕಲ್ಪನೆಯನ್ನು ಹೊರಗಿನಿಂದ ತೆಗೆದುಕೊಳ್ಳುವುದು ಫೋನು ಬಂದ ಮೇಲೆ ಹುಟ್ಟಿದ ಚಾಳಿಯೆಂದು ಹಿರಿಯರು ಭಾವಿಸಿದ್ದಾರೆ. ಇದು ಸರಿಯಲ್ಲ. ನಮ್ಮ ಬಾಲ್ಯದಲ್ಲಿ ಮಗ್ಗದ ಎದುರಿನ ಗೋಡೆಯ ಮೇಲೆ ಒಂದು ಕ್ಯಾಲೆಂಡರು ತೂಗುತ್ತಿತ್ತು. ಅದರಲ್ಲಿನ ಸರಸ್ವತಿಯ ಸೀರೆಯ ಅಂಚನ್ನು ನೋಡಿ ಅಂಚು ಹಾಕಿದ ನೇಕಾರರನ್ನು ನಾನೇ ಬಲ್ಲೆ. ಆ ಸರಸ್ವತಿಯ ಮೂಲ ಯಾವುದು? ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ತೆರೆದು ದೇವ ದೇವಿಯರ ವರ್ಣಚಿತ್ರಗಳನ್ನು ಅಚ್ಚು ಮಾಡಿ ದೇಶಕ್ಕೆಲ್ಲ ಹಂಚಿದನು. ಅರಮನೆಯ ಗೋಡೆಗೆ ಮಾತ್ರ ಮೀಸಲಾಗಿದ್ದ ಚಿತ್ರವು ಆಗ ಬಡವನ ಗೋಡೆಗೆ ಬಂತು. ಅವನು 1889ರಲ್ಲಿ ಬರೆದ, ಬೇರೆ ಬೇರೆ ನಾಡಿನ ಉಡುಗೆ ತೊಟ್ಟ ವಾದ್ಯಗಾರ್ತಿಯರ ಗುಂಪಿನ ಚಿತ್ರವು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿದೆ. ತಿರುಪ್ಪೂರಿನಲ್ಲಿ ಹುಟ್ಟಿ ಬೆಳೆದ ಚೆನ್ನೈ ಸಿಲ್ಕ್ಸ್ ಸಂಸ್ಥೆಯವರು ಅದೇ ರವಿವರ್ಮನ ಚಿತ್ರಗಳನ್ನು ರೇಷ್ಮೆ ಸೀರೆಯೊಂದರಲ್ಲಿ ನೇಯಿಸಿದರು. ಸುಮಾರು 39 ಲಕ್ಷ ರೂಪಾಯಿಗೆ ಮಾರಾಟವಾದ ಆ ಸೀರೆಯು 2008ರಲ್ಲಿ ಅತ್ಯಂತ ದುಬಾರಿ ಸೀರೆಯೆಂದು ಗಿನ್ನೆಸ್ ದಾಖಲೆಯನ್ನು ಸೇರಿತು. ಚಿತ್ರದಲ್ಲಿ ಸೀರೆಯನ್ನು ಬರೆದವನೊಬ್ಬ, ಆ ಚಿತ್ರವನ್ನೇ ಸೀರೆಯಲ್ಲಿ ನೇಯ್ದವರು ಇನ್ನೊಬ್ಬರು.

ಸಿನಿಮಾದ ಮಾತೂ ಹೀಗೆಯೇ. ಕೊಯಮತ್ತೂರಿನ ಸಾಮಿಕಣ್ಣು ವಿನ್ಸೆಂಟ್ ಎಂಬ ರೈಲ್ವೆ ನೌಕರರು 1905ರಲ್ಲಿ ಫ್ರೆಂಚರೊಬ್ಬರಿಂದ ಚಲನಚಿತ್ರ ಯಂತ್ರವನ್ನು ಕೊಂಡು, ಡೇರೆ ಹೊಡೆದು ಊರೂರಿಗೆ ಚಿತ್ರ ತೋರಿಸಿದರು. 1914ರಲ್ಲಿ ಈ ನಗರದಲ್ಲಿ ವೆರೈಟಿ ಹಾಲ್ ಚಿತ್ರಮಂದಿರವನ್ನು ಕಟ್ಟಿದರು. ಅಂದಿನಿಂದ ನಾಯಕಿ ಉಟ್ಟ ಸೀರೆ ಯಾವುದೆಂದು ಹೆಂಗಸರು ಕೇಳುವುದೂ, ನೇಕಾರನು ನಾಲ್ಕಾಣೆಯ ಟಿಕೇಟು ಪಡೆದು ಮುಂದಿನ ಸಾಲಿನಲ್ಲಿ ಕುಳಿತು ಕಥೆಯನ್ನು ಬಿಟ್ಟು ಸೆರಗನ್ನು ನೋಡುವುದೂ ನಡೆದೇ ಇದೆ. ಆದರೆ ಆ ಕಾಲದಲ್ಲಿ ಒಂದು ಅನುಕೂಲವಿತ್ತು. ತೆರೆಯ ಮೇಲಿನ ಚಿತ್ರವು ಕ್ಷಣದಲ್ಲಿ ಹೋಗಿಬಿಡುತ್ತಿತ್ತು. ಮನೆಗೆ ಬರುವಷ್ಟರಲ್ಲಿ ಅರ್ಧ ಮರೆತಿರುತ್ತಿತ್ತು. ಮರೆತ ಭಾಗವನ್ನು ನೇಕಾರನು ತನ್ನದರಿಂದಲೇ ತುಂಬಬೇಕಾಗಿತ್ತು. ಅಂಗೈಯ ತೆರೆಯಲ್ಲಿ ಹಾಗಿಲ್ಲ. ಬೆರಳಿಟ್ಟು ನಿಲ್ಲಿಸಬಹುದು, ಹಿಗ್ಗಿಸಬಹುದು, ಎಳೆ ಎಳೆಯಾಗಿ ಎಣಿಸಬಹುದು. ಮರೆಯುವ ಭಾಗ್ಯವಿಲ್ಲದ ಕಣ್ಣಿಗೆ ಕಲ್ಪನೆಯ ಕೆಲಸ ಕಡಿಮೆಯಾಗುವುದೆಂಬ ಭಯ ನನಗಿತ್ತು. ಅದು ಪೂರ್ತಿ ಹೋಗಿದೆಯೆಂದು ಈಗಲೂ ಹೇಳಲಾರೆ.

ಚಿತ್ರವು ಬಟ್ಟೆಗೆ ಇಳಿಯುವ ದಾರಿಯನ್ನು ನೇಕಾರರಲ್ಲದ ಓದುಗರಿಗಾಗಿ ಸ್ವಲ್ಪ ವಿವರಿಸಬೇಕು. ಮೊದಲು ಚೌಕುಳಿ ಹಾಳೆ, ಅಂದರೆ ಗ್ರಾಫ್ ಕಾಗದ. ಅದರ ನಿಂತ ಸಾಲುಗಳೆಂದರೆ ಹಾಸು, ಅಡ್ಡ ಸಾಲುಗಳೆಂದರೆ ಹೊಕ್ಕು. ಒಂದೊಂದು ಮನೆಯೂ ಹಾಸಿನ ಎಳೆಯು ಮೇಲೆ ಏಳಬೇಕೇ, ಕೆಳಗೆ ಉಳಿಯಬೇಕೇ ಎಂಬ ಪ್ರಶ್ನೆಗೆ ಉತ್ತರ. ಬಣ್ಣ ತುಂಬಿದ ಮನೆಗೆ ರಟ್ಟಿನ ಕಾರ್ಡಿನಲ್ಲಿ ಒಂದು ತೂತು. ನಮ್ಮವರು ಅದನ್ನು ತಮಿಳರಂತೆ ಅಟ್ಟೆ ಎನ್ನುತ್ತಾರೆ. ಹೊಕ್ಕಿನ ಒಂದು ಎಳೆಗೆ ಒಂದು ಅಟ್ಟೆ; ಇನ್ನೂರು ಎಳೆ ಎತ್ತರದ ನವಿಲಿಗೆ ಇನ್ನೂರು ಅಟ್ಟೆ. ಅವನ್ನು ಸರವಾಗಿ ಕಟ್ಟಿ ಮಗ್ಗದ ತಲೆಯ ಮೇಲಿರುವ ಜಕಾರ್ಡಿಗೆ ಏರಿಸಿದರೆ, ನೇಕಾರನು ಮಣೆ ತುಳಿದಾಗಲೆಲ್ಲ ಒಂದೊಂದೇ ಅಟ್ಟೆ ಮುಂದಕ್ಕೆ ಸರಿದು, ತೂತಿದ್ದ ಕಡೆಯ ಕೊಕ್ಕೆಗಳು ಎಳೆಗಳನ್ನು ಮೇಲೆತ್ತುತ್ತವೆ.

ಫ್ರಾನ್ಸಿನ ಲಿಯೋನ್ ಪಟ್ಟಣದ ಜೋಸೆಫ್ ಮಾರಿ ಜಕಾರ್ಡನು 1804ರಲ್ಲಿ ರೂಪಿಸಿದ ಉಪಾಯವಿದು. ಅವನದೇ ಭಾವಚಿತ್ರವನ್ನು 1839ರಲ್ಲಿ ರೇಷ್ಮೆಯಲ್ಲಿ ನೇಯ್ದಾಗ ಸುಮಾರು 24,000 ಕಾರ್ಡುಗಳು ಬೇಕಾದುವಂತೆ. ಅಂಥದೊಂದು ಭಾವಚಿತ್ರವನ್ನು ಇಂಗ್ಲೆಂಡಿನ ಚಾರ್ಲ್ಸ್ ಬಾಬೇಜನು ತರಿಸಿಕೊಂಡು ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದನು. ಮಗ್ಗಕ್ಕೆ ಅಪ್ಪಣೆ ಕೊಡುವ ತೂತಿನ ಕಾರ್ಡು ಲೆಕ್ಕದ ಯಂತ್ರಕ್ಕೂ ಅಪ್ಪಣೆ ಕೊಡಬಲ್ಲುದೆಂದು ಅವನಿಗೆ ಹೊಳೆಯಿತು. ಅವನ ಯಂತ್ರವನ್ನು ಕುರಿತು 1843ರಲ್ಲಿ ಟಿಪ್ಪಣಿ ಬರೆದ ಆಡಾ ಲವ್ಲೇಸ್ ಎಂಬಾಕೆಯೂ ಹೂವು ಎಲೆಗಳನ್ನು ನೇಯುವ ಜಕಾರ್ಡಿಗೇ ಅದನ್ನು ಹೋಲಿಸಿದಳು. ಮುಂದೆ 1890ರಲ್ಲಿ ಅಮೆರಿಕದ ಜನಗಣತಿಯ ಲೆಕ್ಕವನ್ನು ಇಂಥ ಕಾರ್ಡುಗಳ ಮೂಲಕವೇ ಮಾಡಿದರು. ಗಣಕಯಂತ್ರದ ವಂಶವೃಕ್ಷದಲ್ಲಿ ಮಗ್ಗಕ್ಕೆ ಅಜ್ಜಿಯ ಸ್ಥಾನವಿದೆ. ಇಂದು ಮೊಮ್ಮಗಳು ಅಜ್ಜಿಗೆ ಹೊಸ ಚಿತ್ತಾರ ತೋರಿಸುತ್ತಿದ್ದಾಳೆಂದರೆ ನಾವು ಮುಖ ಸಿಂಡರಿಸಬೇಕಾದುದೇನೂ ಇಲ್ಲ.

ಶಿರುಮುಗೈಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಿದೆ. ಐದನೆಯ ತರಗತಿಯವರೆಗೆ ನಮ್ಮಲ್ಲಿ ಓದಿ, ತಂದೆಯ ಮಗ್ಗಕ್ಕೆ ಕುಳಿತವನು. ಗಣಿತದಲ್ಲಿ ಹಿಂದು, ಆದರೆ ಗ್ರಾಫ್ ಹಾಳೆಯ ಮೇಲಿನ ತಪ್ಪನ್ನು ಮಾರುದೂರದಿಂದ ಗುರುತಿಸಬಲ್ಲ. ಅವನ ಮಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ವಿನ್ಯಾಸದಲ್ಲಿ ಡಿಪ್ಲೊಮಾ ಮಾಡಿದ್ದಾಳೆ. 2020ರ ಲಾಕ್‌ಡೌನಿನಲ್ಲಿ ಅಂಗಡಿಗಳು ಮುಚ್ಚಿ, ಪಾವು ಕೊಡುವವರಿಲ್ಲದೆ ಮಗ್ಗ ನಿಂತಿತ್ತು. ಆ ತಿಂಗಳುಗಳಲ್ಲಿ ಈ ಹುಡುಗಿ ಫೋನಿನಲ್ಲಿ ಕಂಡದ್ದು ಧಾರವಾಡದ ಕಡೆಯ ಹೆಂಗಸರು ಕಸೂತಿ ಹಾಕುವುದನ್ನು ಕಲಿಸುವ ವಿಡಿಯೋಗಳನ್ನು.

ಕಸೂತಿಯು ಎಳೆ ಎಣಿಸಿ ಹಾಕುವ ಕಲೆ. ಬಟ್ಟೆಯ ಮೇಲೆ ಗೆರೆ ಎಳೆದು ಹಾಕುವಂತಿಲ್ಲ, ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಹೊಲಿಗೆಗಳು. ಗವಂತಿ, ಮುರ್ಗಿಗಳಲ್ಲಿ ಬಟ್ಟೆಯ ಎರಡು ಮಗ್ಗುಲೂ ಒಂದೇ ರೀತಿ ಕಾಣಬೇಕು. ಗೋಪುರ, ತೇರು, ತುಳಸಿ ಬೃಂದಾವನ, ಆನೆ ಇವೇ ಅದರ ಚಿತ್ತಾರಗಳು. ಇಳಕಲ್ ಸೀರೆಯ ಮೇಲೆ ಅವು ಹೆಚ್ಚಾಗಿ ಕಾಣಸಿಗುತ್ತವೆ. ಹುಡುಗಿ ನನಗೆ ಹೇಳಿದ ಮೊದಲ ಮಾತೇ ಇದು: "ತಾತ, ಆಯಮ್ಮ 'ಎಳಿ ಎಣಿಸ್ರಿ' ಅಂತಾರೆ. ಎಳೆ ಅಂತ ನಮ್ಮಜ್ಜಿ ಅನ್ನೋರು. ಅದು ನಮ್ಮ ಮನೆಯಲ್ಲಿ ಮಾತ್ರ ಇರೋ ಮಾತು ಅಂದುಕೊಂಡಿದ್ದೆ."

ಈ ಮಾತನ್ನು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಕನ್ನಡ ಲಿಪಿ ಓದಲು ಬಾರದ, ಹೊರಗೆಲ್ಲ ತಮಿಳು, ಕಚೇರಿಯಲ್ಲಿ ಇಂಗ್ಲಿಷ್ ಆಡುವ ನಮ್ಮ ಮಕ್ಕಳಿಗೆ ಕನ್ನಡವೆಂದರೆ ಅಡುಗೆಮನೆಯ ಗುಟ್ಟಿನ ಭಾಷೆ. ಮಗ್ಗಕ್ಕೆ ಅವರು ತರಿ ಎನ್ನುತ್ತಾರೆ, ಹಾಸಿಗೆ ಪಾವು ಎನ್ನುತ್ತಾರೆ. ಲಾಳಿ, ಕಂಡಿಕೆ, ಹಣಿಗೆ ಎಂಬ ಮಾತುಗಳು ಅಜ್ಜಿಯೊಡನೆ ಹೋದುವು. ಐನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ಧಾರವಾಡದಲ್ಲಿ ಅಪರಿಚಿತಳಾದ ಒಬ್ಬ ತಾಯಿ ತನ್ನ ಮನೆಯ ಅಜ್ಜಿಯ ಮಾತನ್ನೇ ಆಡುವುದನ್ನು ಈ ಮಗು ಕೇಳಿತು. ಪಠ್ಯಪುಸ್ತಕದಿಂದ ನಾನು ಎಷ್ಟು ಪ್ರಯತ್ನಪಟ್ಟರೂ ಇಂಥ ಬೆರಗನ್ನು ಮೂಡಿಸಿದ್ದು ನೆನಪಿಲ್ಲ.

ಆಕೆ ಮೊದಲು ತೆಗೆದುಕೊಂಡದ್ದು ಕಸೂತಿಯ ಗೋಪುರವನ್ನು. "ಅಮ್ಮಣ್ಣಿ, ಇದನ್ನು ಹಾಗೇ ಎತ್ತಿ ಹಾಕಿದೆಯಾ?" ಎಂದು ಕೇಳಿದೆ. ನನ್ನ ಪ್ರಶ್ನೆಯಲ್ಲಿ ಪರೀಕ್ಷಾ ಕೊಠಡಿಯ ಮೇಷ್ಟರು ಇದ್ದರೆಂಬುದು ಅವಳಿಗೆ ತಿಳಿಯಿತು. ನಕ್ಕು, "ಹಾಗೇ ಹಾಕಿದರೆ ಬರಲ್ಲ ತಾತ" ಎಂದು ಹಾಳೆಗಳನ್ನು ಹರಡಿದಳು. ಕಸೂತಿಯಲ್ಲಿ ಗೋಪುರವು ಬರಿಯ ಗೆರೆಗಳಿಂದ ಆದದ್ದು. ಒಂದೇ ಎಳೆಯ ಗೆರೆಯನ್ನು ನೇಯ್ದರೆ ನುಣುಪಾದ ರೇಷ್ಮೆಯಲ್ಲಿ ಅದು ಕಾಣುವುದೇ ಇಲ್ಲ. ಗೆರೆಗೆ ಮೈ ಬರಿಸಬೇಕು. ಮೈ ದೊಡ್ಡದಾದರೆ ಇನ್ನೊಂದು ತೊಡಕು: ಚಿತ್ತಾರದ ನೂಲು ಬಹಳ ದೂರ ಕಟ್ಟಿಲ್ಲದೆ ತೇಲುತ್ತದೆ, ಉಟ್ಟಾಗ ಬಳೆಗೆ, ಕಾಲುಂಗುರಕ್ಕೆ ಸಿಕ್ಕಿ ಕಿತ್ತುಬರುತ್ತದೆ. ಆದ್ದರಿಂದ ನಡುನಡುವೆ ಎಳೆಯನ್ನು ಕಟ್ಟಿಹಾಕುವ ಚುಕ್ಕೆಗಳನ್ನು ಇಡಬೇಕು. ಆ ಚುಕ್ಕೆಗಳೇ ಗೋಪುರದ ಮೇಲೆ ಗೂಡುಗಳಂತೆ ಕಾಣತೊಡಗಿದುವು! ಮೂರನೆಯದಾಗಿ, ಅಂಗುಲಕ್ಕೆ ಹಾಸಿನ ಎಳೆಗಳೆಷ್ಟೋ ಹೊಕ್ಕಿನ ಎಳೆಗಳು ಅಷ್ಟೇ ಇರಬೇಕೆಂಬ ನಿಯಮವೇನೂ ಇಲ್ಲ. ಲೆಕ್ಕ ನೋಡದೆ ಸಮಚೌಕದ ಹಾಳೆಯ ಮೇಲೆ ದುಂಡಗೆ ಬರೆದ ಸೂರ್ಯನು ಬಟ್ಟೆಯಲ್ಲಿ ಮೊಟ್ಟೆಯಾಗುತ್ತಾನೆ, ಗೋಪುರ ಕುಳ್ಳಾಗುತ್ತದೆ. ಆಕೆಯ ಮೊದಲ ಗೋಪುರವೂ ಹಾಗೆಯೇ ಕುಳ್ಳಾಯಿತು. ಅಂತಸ್ತುಗಳನ್ನು ಹೆಚ್ಚಿಸಿ, ಮೂರು ಸಲ ಹಾಳೆ ಹರಿದು, ಕೊನೆಗೆ ತಮ್ಮ ಬೀದಿಯ ಚೌಡೇಶ್ವರಿ ಗುಡಿಯಲ್ಲಿರುವಂತೆ ಮೇಲೆ ಕಳಶಗಳನ್ನು ಇಟ್ಟಳು. ಈಗ ಆ ಗೋಪುರವನ್ನು ಧಾರವಾಡದವರು ನೋಡಿದರೆ ತಮ್ಮದೆನ್ನಲಾರರು. ತಮ್ಮ ನಂಟರದೆಂದು ಮಾತ್ರ ಗುರುತಿಸಿಯಾರು.

ಕಸೂತಿಯ ಒಂದು ಹೊಲಿಗೆಗೆ ನೇಯ್ಗೆ ಎಂಬ ಹೆಸರಿರುವುದನ್ನು ಮೇಲೆ ಹೇಳಿದೆ. ಸೂಜಿಯಿಂದ ಹಾಕಿದ್ದು ಮಗ್ಗದಲ್ಲಿ ನೇಯ್ದಂತೆ ಕಾಣುವುದರಿಂದ ಆ ಹೆಸರು. ಹಿಂದೊಮ್ಮೆ ಸೂಜಿಯು ಮಗ್ಗವನ್ನು ನೋಡಿ ಕಲಿಯಿತು. ಈಗ ಮಗ್ಗವು ಸೂಜಿಯನ್ನು ನೋಡಿ ಕಲಿಯುತ್ತಿದೆ. ಇದನ್ನು ಹೇಳಿದಾಗ ತಂದೆಯು, "ಸಾರ್, ಇಷ್ಟು ವರ್ಷ ಅಂಗಡಿಯವರು ಕೊಟ್ಟ ಡಿಸೈನನ್ನೇ ನೇಯ್ದವನು ನಾನು. ನಮ್ಮ ಮನೆಯಲ್ಲೇ ಡಿಸೈನು ಹುಟ್ಟಿದ್ದು ಇದೇ ಮೊದಲು" ಎಂದನು. ಮಗಳ ಎದುರಿಗೆ ಹೊಗಳಬಾರದೆಂಬ ಹಳೆಯ ಕಾಲದ ಕಟ್ಟುಪಾಡಿನವನಾದ್ದರಿಂದ ಆ ಮಾತನ್ನು ಹೊರಗೆ ಬಂದು, ನನ್ನ ಚಪ್ಪಲಿಯನ್ನು ತಿರುಗಿಸಿ ಇಡುತ್ತ, ಮೆಲ್ಲಗೆ ಹೇಳಿದನು.

ತಿರುಪ್ಪೂರಿನ ಹೊಸೈರಿಯಲ್ಲಿ ದುಡಿಯುವ ಇನ್ನೊಬ್ಬ ಹಳೆಯ ವಿದ್ಯಾರ್ಥಿಯನ್ನು ಇಲ್ಲಿ ನೆನೆಯದಿರಲಾರೆ. ಪರದೇಶದ ಖರೀದಿದಾರರು ಬನಿಯನ್ನಿನ ಬಣ್ಣ, ಅಳತೆ, ಗುಂಡಿ, ಎದೆಯ ಮೇಲಿನ ಚಿತ್ರ ಎಲ್ಲವನ್ನೂ ಹಾಳೆಯಲ್ಲಿ ಬರೆದು ಕಳುಹಿಸುತ್ತಾರೆ. ಅದರಂತೆ ಹೊಲಿಯುವುದು ಇವರ ಕೆಲಸ. ಇಪ್ಪತ್ತು ವರ್ಷಗಳಲ್ಲಿ ತಾನಾಗಿ ಒಂದು ಬಣ್ಣವನ್ನೂ ಆರಿಸಿಲ್ಲವೆಂದು ಅವನು ಹೇಳಿದನು. ಅಲ್ಲಿ ಉಡುಪು ವಿನ್ಯಾಸವನ್ನು ಕಲಿಸುವ ನಿಫ್ಟ್-ಟೀ ಕಾಲೇಜು 1997ರಿಂದ ನಡೆಯುತ್ತಿದೆ, ಪರಿಸ್ಥಿತಿ ಬದಲಾಗುತ್ತಲೂ ಇರಬಹುದು. ಆದರೆ ಅವನ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಅವನ ಮಗನು ರಾತ್ರಿ ಹೊತ್ತು ಫೋನು ನೋಡಿ ಹಳೆಯ ನೋಟ್‌ಬುಕ್ಕಿನಲ್ಲಿ ಬಟ್ಟೆಯ ಚಿತ್ರಗಳನ್ನು ಬರೆಯುತ್ತಾನೆಂದು ದೂರು ಹೇಳಲು ಬಂದವನು ಅವನು. ನಾನು ಅವನಿಗೆ ಮಾಡಿದ ಉಪದೇಶವೇನೆಂಬುದನ್ನು ಓದುಗರು ಊಹಿಸಬಹುದು.

ಇನ್ನು ಸಂಗೀತದ ವಿಷಯ. ಕೈಮಗ್ಗದ ಸದ್ದಿನಲ್ಲಿ ಒಂದು ತಾಳವಿದೆ. ಅದರ ನಡುವೆ ಹಾಡು ಕೇಳಿಸುತ್ತದೆ. ವಿದ್ಯುತ್ ಮಗ್ಗದ ಪಕ್ಕದಲ್ಲಿ ಮನುಷ್ಯರ ಮಾತೇ ಕೇಳಿಸದು. ನಮ್ಮ ಬೀದಿಗಳಲ್ಲಿ ಮೊದಲು ರೇಡಿಯೋ ಇತ್ತು. 1966ರಲ್ಲಿ ಕೊಯಮತ್ತೂರು ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಹಗಲೆಲ್ಲ ತಮಿಳು ಹಾಡುಗಳು. ರಾತ್ರಿ ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸಿ ಬೆಂಗಳೂರನ್ನು ಹಿಡಿಯಬೇಕಾಗಿತ್ತು. ಈಗ ಫೋನು ಮಗ್ಗದ ಕಂಬಕ್ಕೆ ತೂಗುತ್ತದೆ, ಯಾರು ಬೇಕಾದರೂ ಹಾಡುತ್ತಾರೆ. ಶಿರುಮುಗೈಯ ಆ ಮನೆಯಲ್ಲಿ ಒಂದು ಮಧ್ಯಾಹ್ನ ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ ಕೇಳಿಬರುತ್ತಿತ್ತು. ವಚನಕಾರರಲ್ಲಿ ಮೊದಲಿಗರ ಸಾಲಿಗೆ ಸೇರಿದ ದಾಸಿಮಯ್ಯ ನೇಕಾರನೇ ಆಗಿದ್ದನು, ಅವನ ಹೆಸರಿನ ಹಿಂದಿರುವ 'ಜೇಡರ' ಎಂಬ ಮಾತಿಗೆ ನೇಕಾರರ ಎಂದೇ ಅರ್ಥ, ಅವನನ್ನೇ ನಮ್ಮವರು ದೇವರ ದಾಸಿಮಯ್ಯ ಎನ್ನುತ್ತಾರೆ ಎಂದು ನಾನು ಹೇಳಿದೆ. ಹುಡುಗಿಯು ಸಂಜೆಯೊಳಗೆ ಅವನ ವಚನಗಳನ್ನು ಹಾಡಿದವರನ್ನೆಲ್ಲ ಹುಡುಕಿ ತೆಗೆದಳು. ಸಿ. ಅಶ್ವತ್ಥರು ಹಾಡಿದ ಶಿಶುನಾಳ ಷರೀಫರ ಒಗಟಿನಂಥ ಪದವೊಂದನ್ನು ಅವಳಾಗಲೇ ಬಲ್ಲಳು. ಅದರಲ್ಲಿ ಮಗ್ಗವೂ ಬರುತ್ತದೆ. ಅದರ ಒಳ ಅರ್ಥವೇನೆಂದು ಕೇಳಿದಳು. ನಾನು ಅರ್ಧ ಗಂಟೆ ಹೇಳಿದೆ. ತಂದೆಯು ಅಷ್ಟರಲ್ಲಿ ಒಂದು ಗೇಣು ನೇಯ್ದಿದ್ದನು.

ಹಾಡು ಕೇಳಿ ಹುಟ್ಟಿದ ಒಂದು ಅಂಚನ್ನೂ ಆಕೆ ತೋರಿಸಿದಳು. ದೊಡ್ಡ ರುದ್ರಾಕ್ಷಿ ಒಂದು, ಸಣ್ಣವು ಎರಡು, ನಡುವೆ ಖಾಲಿ, ಮತ್ತೆ ದೊಡ್ಡದು. "ಇದು ತಬಲ" ಎಂದಳು. ತಾಳದ ಎಣಿಕೆ ಸರಿಯಿತ್ತೋ ಇಲ್ಲವೋ, ಸಂಗೀತ ಬಲ್ಲವರು ಹೇಳಬೇಕು. ರುದ್ರಾಕ್ಷಿಯ ಅಂಚು ನಮ್ಮಲ್ಲಿ ಹಿಂದಿನಿಂದಲೂ ಇದೆ. ಆದರೆ ನಡುವೆ ಖಾಲಿ ಜಾಗ ಬಿಡುವ ಧೈರ್ಯ ನಮ್ಮ ಹಿರಿಯರಿಗೆ ಇರಲಿಲ್ಲ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಫೋನಿನ ಪ್ರಶಂಸಾಪತ್ರವಾದೀತು. ಕಹಿಯಾದ ಭಾಗವನ್ನೂ ಹೇಳಬೇಕು. ಗೋಪುರದ ಆ ಸೀರೆ ಸಿದ್ಧವಾದಾಗ ತಂದೆಯ ಸಂತೋಷಕ್ಕೆ ಮಿತಿಯಿರಲಿಲ್ಲ. ಮಗ್ಗದ ಮೇಲೆ ಇದ್ದಾಗಲೇ ಅದರ ವಿಡಿಯೋ ತೆಗೆದು ಎಲ್ಲರೂ ನೋಡುವಂತೆ ಹಾಕಿದನು. ಸಾವಿರಾರು ಜನ ಮೆಚ್ಚಿದರು. ಎರಡು ತಿಂಗಳಾಗುವಷ್ಟರಲ್ಲಿ ಅದೇ ಗೋಪುರ, ಅದೇ ಕಳಶ, ಕಟ್ಟಿಹಾಕುವ ಚುಕ್ಕೆಗಳ ಸಮೇತ, ಬೇರೊಂದು ಊರಿನ ವಿದ್ಯುತ್ ಮಗ್ಗದಲ್ಲಿ ಕೃತಕ ನೂಲಿನಿಂದ ನೇಯ್ದು, ಇವನ ಬೆಲೆಯ ಹತ್ತರಲ್ಲೊಂದು ಭಾಗಕ್ಕೆ ಮಾರಾಟಕ್ಕೆ ಬಂತು. ಇವನಿಗೆ ಕೇಳಿಕೆ ಕೊಟ್ಟಿದ್ದ ವ್ಯಾಪಾರಿಯು ಇನ್ನು ಬೇಡವೆಂದನು. ಆರು ಸೀರೆಗೆ ಹಾಸಿದ್ದ ಪಾವು ಮಗ್ಗದ ಮೇಲೆಯೇ ಇತ್ತು.

ಪರೀಕ್ಷೆಯ ಕಾಪಿ ಎಂದರೆ ಇದು. ಧಾರವಾಡದಿಂದ ಈ ಹುಡುಗಿ ತೆಗೆದುಕೊಂಡದ್ದಕ್ಕೂ ಇವಳಿಂದ ಅವರು ತೆಗೆದುಕೊಂಡದ್ದಕ್ಕೂ ಏನು ವ್ಯತ್ಯಾಸವೆಂದು ಯಾರಾದರೂ ತರ್ಕ ಹೂಡಬಹುದು. ಹರಿದ ಹಾಳೆಗಳನ್ನು ನಾನು ಎಣಿಸಿದ್ದೇನೆ, ವ್ಯತ್ಯಾಸ ಅಲ್ಲಿದೆ. ಅವಳ ಕುಳ್ಳಗಿನ ಗೋಪುರ ಅವರ ಬಳಿ ಇಲ್ಲ.

ಕಾನೂನು ಏನೆನ್ನುತ್ತದೆಂದು ವಕೀಲರಾದ ಹಳೆಯ ವಿದ್ಯಾರ್ಥಿಯೊಬ್ಬರಲ್ಲಿ ವಿಚಾರಿಸಿದೆವು. ಇದು ನೇಕಾರ ಕುಟುಂಬಗಳೆಲ್ಲ ತಿಳಿಯಬೇಕಾದ ವಿಷಯವಾದ್ದರಿಂದ ಬರೆಯುತ್ತೇನೆ. ಕೈಮಗ್ಗಕ್ಕೆಂದೇ ಕೆಲವು ವಸ್ತುಗಳನ್ನು ಮೀಸಲಿಟ್ಟ 1985ರ ಕಾಯ್ದೆಯಿದೆ; ಗೊತ್ತುಪಡಿಸಿದ ಲಕ್ಷಣಗಳುಳ್ಳ ಸೀರೆಯೂ ಆ ಪಟ್ಟಿಯಲ್ಲಿದೆ. ಕೋವೈ ಕೋರಾ ಸೀರೆಗೂ ನೆಗಮಂ ಸೀರೆಗೂ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಅದು ಊರಿನ ಹೆಸರನ್ನು ಕಾಯುತ್ತದೆ, ಒಬ್ಬಳು ಹುಡುಗಿ ಬರೆದ ಗೋಪುರವನ್ನು ಕಾಯದು. ಅದಕ್ಕೆ ಇರುವುದು 2000ದ ವಿನ್ಯಾಸ ಕಾಯ್ದೆ. ನೋಂದಾಯಿಸಿದರೆ ಹತ್ತು ವರ್ಷ, ಮುಂದುವರಿಸಿದರೆ ಇನ್ನೈದು ವರ್ಷ ಹಕ್ಕು. ಆದರೆ ವಿನ್ಯಾಸವು ಹೊಸದಾಗಿರಬೇಕು. ಅರ್ಜಿ ಹಾಕುವ ಮೊದಲೇ ಅದು ಬಹಿರಂಗವಾಗಿರಬಾರದು. ಅಂದರೆ, ಸಂತೋಷದ ಭರದಲ್ಲಿ ವಿಡಿಯೋ ಹಾಕಿದ ಮೇಲೆ ನೋಂದಣಿಯ ಬಾಗಿಲು ಮುಚ್ಚಿದಂತೆಯೇ. ಹಳೆಯ ನೇಕಾರರು ಹೊಸ ಅಂಚನ್ನು ಮಾರುವವರೆಗೆ ಬಟ್ಟೆ ಮುಚ್ಚಿ ಇಡುತ್ತಿದ್ದುದನ್ನು ನಾವು ಮತ್ಸರವೆಂದು ತಿಳಿದಿದ್ದೆವು.

ಈಚೆಗೆ ಇನ್ನೊಂದು ವಿಚಿತ್ರ ಹುಟ್ಟಿದೆ. ಗಿರಾಕಿಗಳು ಫೋನಿನಲ್ಲಿ ಸೀರೆಯ ಚಿತ್ರವೊಂದನ್ನು ತೋರಿಸಿ ಇಂಥದೇ ಬೇಕೆನ್ನುತ್ತಾರೆ. ನೋಡಿದರೆ ಸೆರಗಿನ ನವಿಲಿಗೆ ಮೂರು ಕಾಲು. ಅಂಚು ಮಡಿಕೆಯ ಒಳಗೆ ಹೋಗಿ ಬೇರೆ ಅಂಚಾಗಿ ಹೊರಬರುತ್ತದೆ. ಅಂಥ ಸೀರೆ ಲೋಕದಲ್ಲಿಯೇ ಇಲ್ಲ. ಯಂತ್ರಬುದ್ಧಿಯು ಕಟ್ಟಿದ ಚಿತ್ರವದು. ತಂದೆಯು ಒಬ್ಬ ಗಿರಾಕಿಗೆ, "ಅಮ್ಮಾ, ಇದನ್ನು ನೇಯ್ದವರನ್ನೇ ಕೇಳಿ" ಎಂದು ಕೈಮುಗಿದನಂತೆ.

ಕೈಮಗ್ಗದ ಕೆಲಸಗಾರರು 2009-10ರ ಗಣತಿಯಲ್ಲಿ ದೇಶಕ್ಕೆಲ್ಲ 43 ಲಕ್ಷಕ್ಕೂ ಹೆಚ್ಚು ಇದ್ದರು. 2019-20ರ ಗಣತಿಯ ಹೊತ್ತಿಗೆ 35 ಲಕ್ಷದಷ್ಟಾದರು. ಕೂಲಿಗೆ ಬೇರೆಯವರ ಚಿತ್ತಾರ ನೇಯುವವನ ಮಗನಿಗೆ ಮಗ್ಗದಲ್ಲಿ ಕುಳಿತುಕೊಳ್ಳಲು ಕಾರಣವೇನಿದೆ? ಕಾರ್ಖಾನೆಯಲ್ಲಿ ತಿಂಗಳ ಸಂಬಳವಾದರೂ ಉಂಟು. ತನ್ನದೆನ್ನುವ ಒಂದು ಗೋಪುರ ಹುಟ್ಟಿದ ಮನೆಯಲ್ಲಿ ಆ ಪ್ರಶ್ನೆಗೆ ಬೇರೆ ಉತ್ತರ ಬರಬಹುದು. ಆದರೆ ಅದನ್ನು ಎರಡು ತಿಂಗಳಲ್ಲಿ ಕಳೆದುಕೊಂಡ ಮನೆಯಲ್ಲಿ? ನಾನು ಹೋದಾಗ ತಂದೆಯು ಫೋನನ್ನೇ ಮಗ್ಗದ ಕೋಣೆಯಿಂದ ಹೊರಗಿಡಬೇಕೆಂದು ಹೊರಟಿದ್ದನು. ಮಗಳು ಒಪ್ಪಲಿಲ್ಲ. ಧಾರವಾಡದ ಆ ತಾಯಿಯೂ ಹೀಗೆಯೇ ಬಾಗಿಲು ಹಾಕಿಕೊಂಡಿದ್ದರೆ ನಮಗೆ ಈ ಗೋಪುರ ಎಲ್ಲಿಂದ ಬರುತ್ತಿತ್ತು ಎಂಬುದು ಅವಳ ವಾದ. ಇಬ್ಬರೂ ನನ್ನ ಮುಖ ನೋಡಿದರು. ನಾನು ಮಗಳ ಕಡೆ ಸೇರಿದೆ. ಆದರೆ ತಂದೆಯ ಎಚ್ಚರಿಕೆಯನ್ನೂ ಬಿಟ್ಟುಕೊಡಲಿಲ್ಲ.

ಒಪ್ಪಂದ ಹೀಗಾಯಿತು. ಹೇಗೆ ನೇಯುವುದು, ಎಳೆ ಹೇಗೆ ಜೋಡಿಸುವುದು, ಕಂಡಿಕೆ ಹೇಗೆ ಸುತ್ತುವುದು ಇವನ್ನೆಲ್ಲ ಧಾರಾಳವಾಗಿ ತೋರಿಸುವುದು. ಹೊಸ ಚಿತ್ತಾರವನ್ನು ಮಾತ್ರ ಅರ್ಜಿ ಹಾಕುವವರೆಗೆ ತೋರಿಸದಿರುವುದು. ವಿಡಿಯೋದಲ್ಲಿ ತಂದೆಯು ಮಗ್ಗದ ಭಾಗಗಳ ಹೆಸರನ್ನು ಕನ್ನಡದಲ್ಲಿ ಹೇಳಬೇಕು, ಮಗಳು ತಮಿಳಿನಲ್ಲಿ ಹೇಳಬೇಕೆಂಬುದು ನಾನು ಸೇರಿಸಿದ ಷರತ್ತು. ಹೆಸರುಗಳ ಪಟ್ಟಿ ಮಾಡಲು ಬೀದಿಯ ಮುದುಕಿಯರನ್ನೆಲ್ಲ ಕೇಳಬೇಕಾಯಿತು. ಹಣಿಗೆಯ ಎದುರು ನಿಂತು ತಂದೆಯು ಮೊದಲ ಸಲ ಮಾತಾಡಿದಾಗ ಐದನೆಯ ತರಗತಿಯಲ್ಲಿ ಪದ್ಯ ಒಪ್ಪಿಸುವಂತೆಯೇ ಕೈಕಟ್ಟಿಕೊಂಡಿದ್ದನು. ಇಳಕಲ್ಲಿನಿಂದ ಒಬ್ಬ ನೇಕಾರರು ಆ ವಿಡಿಯೋವನ್ನು ನೋಡಿ, ನೀವು ಹಾಸಿಗೆ ಗಂಜಿ ಹಾಕುವುದು ಹೇಗೆಂದು ಕೇಳಿ ಬರೆದಿದ್ದಾರೆ. ಕನ್ನಡದಲ್ಲಿ ಬರೆದದ್ದರಿಂದ ಓದಲು ನನ್ನನ್ನು ಕರೆದರು. ಉತ್ತರವನ್ನೂ ನಾನೇ ಬರೆದುಕೊಡುತ್ತೇನೆಂದಾಗ ಹುಡುಗಿಯು ಬೇಡವೆಂದಳು. ಈಗ ಅವಳ ಗ್ರಾಫ್ ಹಾಳೆಯ ಹಿಂಭಾಗದಲ್ಲಿ ಅ, ಆ, ಇ, ಈ ಸಾಲಾಗಿ ಬರೆದಿದೆ. ಮೇಲ್ಪಂಕ್ತಿ ನನ್ನದು. 'ಳ' ಇನ್ನೂ ಸರಿಯಾಗಿ ಸುತ್ತಿಲ್ಲ.